ಮಗುವಿನ ಬಾಯಲ್ಲಿ ವ್ಯಾಕರಣ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಈಗ ಹೆಸರಾಗಿರುವುದು 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆಯಿಂದ. ಕಾವಲ್ ಎಂದರೆ ದನಗಳಿಗೆ ಕಾದಿರಿಸಿದ ಹುಲ್ಲುಗಾವಲು. ಮೈಸೂರು ಅರಸರ ರಾಸುಗಳನ್ನು ಸಾಕುತ್ತಿದ್ದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನರು 'ಅಮೃತ ಮಹಲ್' ಎಂದು ಹೆಸರಿಟ್ಟರು. ಅಮೃತ ಸಂಸ್ಕೃತ, ಮಹಲ್ ಅರಬಿ. ಪದಗಳು ಹೀಗೆ ಅರಸರ ಅಪ್ಪಣೆಯಿಂದಲೂ ಬೆರೆಯುತ್ತವೆ. ವ್ಯಾಕರಣ ಮಾತ್ರ ಬೆರೆಯುವುದು ಮನೆ, ಬೀದಿ, ಸಂತೆಗಳಲ್ಲಿ.

ನಮ್ಮ ದಖ್ಖನಿಯನ್ನೇ ನೋಡಿ. 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕ್ ದೌಲತಾಬಾದ್‌ಗೆ ಜನರನ್ನು ಕರೆತಂದಾಗ ದೆಹಲಿಯ ನುಡಿಯೂ ಜೊತೆಗೆ ಬಂತು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ, ಕಲಬುರಗಿ ಅದರ ರಾಜಧಾನಿಯಾಯಿತು. ದಕ್ಷಿಣದ ನುಡಿಗಳ ನೆರೆಯಲ್ಲಿ ಆ ಮಾತಿನ ಕಟ್ಟೇ ಬದಲಾಯಿತು. 'ಅಪ್ಪ ಬರ್ತೀನಿ ಅಂತ ಹೇಳಿದರು' ಎಂಬುದನ್ನು ನಾವು 'ಅಬ್ಬಾ ಆತೂಂ ಬೋಲ್ಕೆ ಬೋಲೆ' ಎನ್ನುತ್ತೇವೆ. 'ಅಂತ' ಇದ್ದ ಜಾಗದಲ್ಲೇ 'ಬೋಲ್ಕೆ' ಕೂತಿದೆ! ಎರಡು ನುಡಿ ಆಡುವ ಹಿರಿಯರ ಬಾಯಲ್ಲಿ ಮೂಡಿದ್ದು, ಅದನ್ನೇ ಕೇಳಿ ಬೆಳೆದ ಮಕ್ಕಳಲ್ಲಿ ನಿಯಮವಾಯಿತು.

ಮಗುವಿಗೆ ನಿಯಮವನ್ನು ಯಾರು ಕಲಿಸುತ್ತಾರೆ? ಅರಬಿಯೊಡನೆ ಶತಮಾನಗಳ ಕಾಲ ಬಾಳಿದ ಸ್ಪ್ಯಾನಿಷ್‌ನಲ್ಲಿ 'ತಿನ್ನುತ್ತೇನೆ' ಎಂದರೆ 'ಕೋಮೊ'. 'ನನಗೆ ಗೊತ್ತು' ಎನ್ನಲು ದೊಡ್ಡವರು 'ಸೆ' ಎನ್ನುತ್ತಾರೆ. ಪುಟ್ಟ ಮಕ್ಕಳು 'ಸಾಬೊ' ಎನ್ನುತ್ತಾರೆ. ಮಗು 'ಕೋಮೊ'ದಂಥ ಪದಗಳಿಂದ ನಿಯಮವನ್ನು ತಾನೇ ಹೆಕ್ಕಿದೆ. ನಾವು ತಪ್ಪೆನ್ನುವುದು ಅದರ ಬುದ್ಧಿಯ ಗುರುತು.

ಕನ್ನಡದ ಮಕ್ಕಳ ಮೇಲೂ ಇಂಥ ಅಧ್ಯಯನ ನಡೆದಿದೆ. 'ಏರು' ಎಂಬುದಕ್ಕೆ 'ಇಸು' ಸೇರಿದರೆ 'ಏರಿಸು'; ಅರ್ಥವೇ ಬದಲಾಗುತ್ತದೆ. ಆದರೆ ಮೂರು ವರ್ಷದ ಮಕ್ಕಳು ಈ ಪ್ರತ್ಯಯಕ್ಕಿಂತ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ನೆಚ್ಚುತ್ತಾರೆಂದು ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು 2003ರಲ್ಲಿ ಬರೆದರು. ಮಗು ಗಿಳಿಪಾಠ ಒಪ್ಪಿಸುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೂ ನಾವು ಏನು ಮಾಡುತ್ತೇವೆ? ಉರ್ದು ತರಗತಿಯಲ್ಲಿ 'ಬೋಲ್ಕೆ' ಎಂದಿದ್ದಕ್ಕೆ ನಾವು ಏಟು ತಿಂದೆವು. ಕನ್ನಡ ತರಗತಿಯಲ್ಲಿ ನಮ್ಮ ಉಚ್ಚಾರಕ್ಕೆ ನಗು ಎದ್ದಿತು. ಎರಡೂ ಕಡೆ ತಲೆ ತಗ್ಗಿಸಿ, ಕೊನೆಗೆ ಮನೆಮಾತನ್ನೇ ಕೀಳೆಂದು ನಂಬಿದೆವು. ಗ್ರಂಥದ ಉರ್ದು, ಶಿಷ್ಟ ಕನ್ನಡ ಎರಡೂ ಬೇಕು, ಕಲಿಸೋಣ. ಆದರೆ ಅಮ್ಮಿಯ ಮಡಿಲಲ್ಲಿ ಕಲಿತ ಮಾತಿಗಾಗಿ ಮಗು ನಾಚುವಂತೆ ಮಾಡುವುದು ಬೇಡ. ಏಳು ಶತಮಾನಗಳ ನೆರೆಹೊರೆಯ ಬಾಳುವೆ ಆ ಮಾತಿನಲ್ಲಿದೆ.