‘ನಾಳೆ ಮಾಡಿದರಾಯಿತು’: ಕೆಲಸ ಮುಂದೂಡುವ ಚಟಕ್ಕೆ ಎಐ ಮದ್ದೇ?

ಅಂಕೋಲಾ ಕಡೆಯ ಒಂದು ಸಣ್ಣ ಸಹಕಾರಿ ಸಂಘವನ್ನು ಊಹಿಸಿಕೊಳ್ಳಿ. ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಮಹಾಸಭೆ. ಲೆಕ್ಕಪತ್ರ ಸಿದ್ಧವಾಗಿ ಎರಡು ತಿಂಗಳಾದರೂ ಕಾರ್ಯದರ್ಶಿ ವರದಿಯ ಒಂದು ಸಾಲನ್ನೂ ಬರೆದಿಲ್ಲ. ಹಾಗೆಂದು ಅವರು ಸುಮ್ಮನೆ ಕೂತಿಲ್ಲ. ಹಳೆಯ ಕಡತಗಳನ್ನು ಜೋಡಿಸಿದ್ದಾರೆ, ಕಪಾಟು ಒರೆಸಿದ್ದಾರೆ, ಬೇರೊಬ್ಬರು ಮಾಡಬಹುದಾಗಿದ್ದ ಕೆಲಸಕ್ಕೆ ತಾವೇ ಬಸ್ ಹತ್ತಿ ಕಾರವಾರಕ್ಕೆ ಹೋಗಿ ಬಂದಿದ್ದಾರೆ. ಇದು ಸೋಮಾರಿತನವೇ?

ಅಲ್ಲ. ಆ ವರ್ಷ ಸುಸ್ತಿ ಸಾಲ ಹೆಚ್ಚಾಗಿದೆ. ಅದನ್ನು ಸದಸ್ಯರ ಮುಂದೆ ಹೇಗೆ ಹೇಳುವುದು ಎಂಬ ಮುಜುಗರ ವರದಿಯ ಜೊತೆ ಅಂಟಿಕೊಂಡಿದೆ. ಕಡತ ತೆರೆದಾಗಲೆಲ್ಲ ಆ ಮುಜುಗರ ಎದ್ದು ಬರುತ್ತದೆ, ಮುಚ್ಚಿದರೆ ತಕ್ಷಣ ಹಾಯೆನಿಸುತ್ತದೆ. ಮನೋವಿಜ್ಞಾನಿಗಳಾದ ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೋತಿ ಪಿಚಿಲ್ 2013ರಲ್ಲಿ ಮಂಡಿಸಿದ ವಾದವೂ ಇದೇ: ಮುಂದೂಡುವುದೆಂದರೆ ಸಮಯ ನಿರ್ವಹಣೆಯ ಸಮಸ್ಯೆಗಿಂತ ಹೆಚ್ಚಾಗಿ, ಈ ಕ್ಷಣದ ಬೇಸರದಿಂದ ತಪ್ಪಿಸಿಕೊಳ್ಳುವ ಉಪಾಯ. ಹಿಂದೊಮ್ಮೆ ಕರ್ನಾಟಕದ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದರಲ್ಲ, ಹೆಚ್ಚು ಕಡಿಮೆ ಹಾಗೆ. ದೆವ್ವ ಮರುದಿನವೂ ಬರುತ್ತದೆ.

ಹಾಗಾದರೆ ಚಾಟ್‌ಜಿಪಿಟಿ, ಜೆಮಿನಿಯಂಥ ಎಐ ಸಾಧನಗಳಿಂದ ಏನು ಉಪಯೋಗ? ‘ನನಗೊಂದು ವೇಳಾಪಟ್ಟಿ ಮಾಡಿಕೊಡು’ ಎಂದು ಕೇಳುವವರೇ ಹೆಚ್ಚು. ನನ್ನ ಪ್ರಕಾರ ಅದು ಅತ್ಯಂತ ದುರ್ಬಲ ಬಳಕೆ. ಚಂದದ ವೇಳಾಪಟ್ಟಿ ನೋಡಿದರೆ ಅರ್ಧ ಕೆಲಸ ಮುಗಿದಷ್ಟು ಸಮಾಧಾನವಾಗುತ್ತದೆ, ಕೆಲಸ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಬದಲು ನಮ್ಮ ಕಾರ್ಯದರ್ಶಿ ಹೀಗೆ ಕೇಳಬಹುದು: ‘ಸಹಕಾರಿ ಸಂಘದ ವಾರ್ಷಿಕ ವರದಿ ಬರೆಯಬೇಕು. ಸುಸ್ತಿ ಸಾಲದ ಭಾಗವೇ ಕಷ್ಟ. ಹತ್ತು ನಿಮಿಷದಲ್ಲಿ ಮುಗಿಯುವ ಮೊದಲ ಹೆಜ್ಜೆ ಮಾತ್ರ ಹೇಳು.’ ಅಥವಾ ‘ಆ ಭಾಗದ ಒಂದು ಕಚ್ಚಾ ಕರಡು ಕೊಡು, ಅಂಕಿಗಳ ಜಾಗ ಖಾಲಿ ಬಿಡು.’ ಖಾಲಿ ಹಾಳೆ ಕೊಡುವ ಭಯವನ್ನು ಕೆಟ್ಟ ಕರಡು ಕೊಡುವುದಿಲ್ಲ, ಅದನ್ನು ಓದಿದರೆ ತಿದ್ದಬೇಕೆನಿಸುತ್ತದೆ. ತಿದ್ದಲು ಕೂತರೆ ಕೆಲಸ ಶುರುವಾದಂತೆಯೇ. ಅಂಕಿಗಳ ಜಾಗವನ್ನು ಖಾಲಿ ಬಿಡಿಸುವುದಕ್ಕೂ ಕಾರಣವಿದೆ. ಗೊತ್ತಿಲ್ಲದ ಸಂಖ್ಯೆಯನ್ನು ಧೈರ್ಯವಾಗಿ ತುಂಬಿಬಿಡುವ ಅಭ್ಯಾಸ ಎಐಗೆ ಇದೆ.

ಇನ್ನೊಂದು ಉಪಯೋಗ ‘ಯಾವಾಗ, ಆಗ’ ಎಂಬ ನಿಯಮ ಕಟ್ಟಿಕೊಳ್ಳುವುದು. ‘ಈ ವಾರ ಬರೆಯುತ್ತೇನೆ’ ಎನ್ನುವುದಕ್ಕಿಂತ ‘ನಾಳೆ ಬೆಳಿಗ್ಗೆ ಕಚೇರಿ ಬೀಗ ತೆಗೆದ ಕೂಡಲೇ ಮೊದಲ ಪ್ಯಾರಾ ತಿದ್ದುತ್ತೇನೆ’ ಎನ್ನುವುದು ಗಟ್ಟಿ. ಪೀಟರ್ ಗೋಲ್‌ವಿಟ್ಜರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ ಇಂಥ 94 ಪ್ರಯೋಗಗಳನ್ನು ಒಟ್ಟಿಗೆ ವಿಶ್ಲೇಷಿಸಿ, ಗುರಿ ತಲುಪಲು ಇದು ಸ್ಪಷ್ಟವಾಗಿ ನೆರವಾಗುತ್ತದೆ ಎಂದು ಕಂಡುಕೊಂಡರು. ಈ ವಾಕ್ಯ ಕಟ್ಟಲು ಎಐ ಬೇಕೇಬೇಕೆಂದಿಲ್ಲ, ಕ್ಯಾಲೆಂಡರ್ ಹಿಂಬದಿಯೂ ಸಾಕು.

ಕೆಲವರು ‘ನನಗೆ ಚೆನ್ನಾಗಿ ಬೈದು ಕೆಲಸ ಮಾಡಿಸು’ ಎಂದು ಎಐಗೆ ಹೇಳುತ್ತಾರೆ. ತಮಾಷೆಗೆ ಸರಿ. ಆದರೆ 2010ರಲ್ಲಿ ಕೆನಡಾದ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರೇ ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದರು.

ಎಐ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬುದು ನಿಜವೇ? 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ 453 ವೃತ್ತಿಪರರಿಗೆ ಬರವಣಿಗೆಯ ಕೆಲಸ ಕೊಡಲಾಗಿತ್ತು. ಚಾಟ್‌ಜಿಪಿಟಿ ಸಿಕ್ಕವರು ಸರಾಸರಿ ಶೇ 40ರಷ್ಟು ಕಡಿಮೆ ಸಮಯ ತೆಗೆದುಕೊಂಡರು, ಗುಣಮಟ್ಟವೂ ಶೇ 18ರಷ್ಟು ಏರಿತು. ಗಮನಿಸಿ, ಅವರೆಲ್ಲ ಆಗಲೇ ಕೆಲಸಕ್ಕೆ ಕೂತಿದ್ದವರು. ಕೂರುವುದೇ ನಮ್ಮ ಸಮಸ್ಯೆ. 2025ರ ಮೆಟರ್ ಸಂಸ್ಥೆಯ ಅಧ್ಯಯನ ಇನ್ನೂ ಕುತೂಹಲಕರ. ಎಐ ಬಳಸಿದ 16 ಅನುಭವಿ ಸಾಫ್ಟ್‌ವೇರ್ ತಂತ್ರಜ್ಞರು ತಾವು ಶೇ 20ರಷ್ಟು ವೇಗವಾದೆವು ಎಂದುಕೊಂಡಿದ್ದರು, ಅಳೆದು ನೋಡಿದರೆ ಶೇ 19ರಷ್ಟು ನಿಧಾನವಾಗಿದ್ದರು. ಎಐ ಜೊತೆ ಮಾತಾಡುತ್ತ ಕೂರುವುದೂ ಕಪಾಟು ಒರೆಸಿದಂತೆಯೇ ಆಗಬಹುದು. ಮೂರು ಸಲ ಕೇಳಿದ ಮೇಲೂ ನಾಲ್ಕನೇ ಕರಡು ಬೇಕೆನಿಸಿದರೆ ಆ ಕಿಟಕಿ ಮುಚ್ಚುವುದು ಒಳ್ಳೆಯದು.

ಎಐಗೆ ಇಲ್ಲದ ಒಂದು ಶಕ್ತಿ, ನಮಗಾಗಿ ಕಾಯುವ ಮನುಷ್ಯರದು. 2012ರಲ್ಲಿ ಜಾರಿಗೆ ಬಂದ ಕರ್ನಾಟಕದ ‘ಸಕಾಲ’ ನೆನಪಿಸಿಕೊಳ್ಳಿ. ಅರ್ಜಿಗೆ ಸಂಖ್ಯೆ, ಸೇವೆಗೆ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು. ಆದರೆ ತಡವಾದದ್ದು ಇನ್ನೊಬ್ಬರಿಗೆ ಕಾಣುತ್ತದೆ. ಎಐ ಹಾಕಿಕೊಟ್ಟ ಗಡುವು ತಪ್ಪಿದರೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಕಾರ್ಯದರ್ಶಿಗಳು ‘ಶುಕ್ರವಾರ ಕರಡು ಕೊಡುತ್ತೇನೆ’ ಎಂದು ಅಧ್ಯಕ್ಷರಿಗೆ ಹೇಳಿಟ್ಟರೆ ಅದರ ಪರಿಣಾಮ ಯಾವ ಆ್ಯಪ್‌ಗಿಂತಲೂ ಹೆಚ್ಚು.

ಕೊನೆಯದಾಗಿ, ಏನನ್ನು ಎಐಗೆ ಕೊಡಬಾರದು ಎಂಬುದು. ಸುಸ್ತಿದಾರರ ಹೆಸರು, ಖಾತೆ ಸಂಖ್ಯೆ, ಆಧಾರ್ ವಿವರ ಯಾವುದನ್ನೂ ಅಂಟಿಸಬೇಡಿ. ‘ಇಷ್ಟು ಸದಸ್ಯರು, ಇಷ್ಟು ಮೊತ್ತ’ ಎಂದರೆ ಕರಡಿಗೆ ಸಾಕು. ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲೇ ಕಚೇರಿ ಕಂಪ್ಯೂಟರ್‌ಗಳಲ್ಲಿ ಇಂಥ ಸಾಧನಗಳನ್ನು ಬಳಸದಂತೆ ತನ್ನ ಸಿಬ್ಬಂದಿಗೆ ಸೂಚಿಸಿತ್ತು. ಕೈಗಾ ಅಣು ವಿದ್ಯುತ್ ಸ್ಥಾವರ, ಕದಂಬ ನೌಕಾನೆಲೆ ಎರಡೂ ಇರುವ ಕಾರವಾರದಲ್ಲಿ ಈ ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಕಚೇರಿಯ ನಿಯಮ ಏನೆಂದು ಮೊದಲೇ ಕೇಳಿಕೊಳ್ಳಿ, ಅದನ್ನೂ ನಾಳೆಗೆ ಹಾಕದೆ.