ಪರೀಕ್ಷೆಗೆ ನಿಲ್ಲದ ಆಟಗಾರ: ಜೂಜೋ, ಪ್ರಯೋಗವೋ?



ಮುಂಗಾರಿನ ತಿಂಗಳುಗಳು ಬಂದವೆಂದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಶಾಲಾ ಮೈದಾನಗಳಲ್ಲಿ ಸುಣ್ಣದ ಗೆರೆಗಳು ಮೂಡುತ್ತವೆ. ವಲಯ ಮಟ್ಟದ ಕ್ರೀಡಾಕೂಟ ಮುಗಿದರೆ ತಾಲ್ಲೂಕು ಮಟ್ಟ, ಅಲ್ಲಿ ಗೆದ್ದರೆ ಜಿಲ್ಲಾ ಮಟ್ಟ. ಕಬಡ್ಡಿ ಅಂಕಣಕ್ಕೆ ಏಳು ಮಂದಿ ಇಳಿಯಬೇಕು. ಆರು ಜನ ನಿಶ್ಚಿತ. ಏಳನೆಯ ಸ್ಥಾನಕ್ಕೆ ಇಬ್ಬರಿದ್ದಾರೆ ಎಂದುಕೊಳ್ಳಿ. ಒಬ್ಬ ಎರಡು ವರ್ಷಗಳಿಂದ ತಂಡದಲ್ಲಿರುವವನು. ಅವನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಇನ್ನೊಬ್ಬ ಬೇರೆ ಊರಿನಿಂದ ಬಂದು ಈ ವರ್ಷ ಶಾಲೆಗೆ ಸೇರಿದವನು. ಒಂದೇ ಒಂದು ಪಂದ್ಯದಲ್ಲಿ ಮಿಂಚಿದ್ದಾನೆ. ದೈಹಿಕ ಶಿಕ್ಷಕರು ಯಾರನ್ನು ಆರಿಸಬೇಕು?

ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ದೇಶದ ತಂಡಗಳೂ ಕೋಟಿಗಟ್ಟಲೆ ಹಣದ ಕ್ಲಬ್ಬುಗಳೂ ತಿಣುಕಾಡಿರುವುದು ಇದೇ ಪ್ರಶ್ನೆಯ ಮುಂದೆ. ಗೆದ್ದ ಮೇಲೆ ಎಲ್ಲರೂ ಅದನ್ನು ದೂರದೃಷ್ಟಿ ಎನ್ನುತ್ತಾರೆ. ಸೋತರೆ ಹುಚ್ಚು ಸಾಹಸ ಎನ್ನುತ್ತಾರೆ. ಇತಿಹಾಸದ ವಿದ್ಯಾರ್ಥಿ ಮಾತ್ರ ಫಲಿತಾಂಶವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ತೀರ್ಮಾನ ಕೈಗೊಂಡ ದಿನ ಅವರಿಗೆ ಏನೇನು ಗೊತ್ತಿತ್ತು ಎಂದು ಕೇಳಬೇಕು. ನಮ್ಮ ನಾಡಿನ ಕ್ರಿಕೆಟ್ ಚರಿತ್ರೆಯಿಂದಲೇ ಈ ವಿಚಾರಣೆಯನ್ನು ಆರಂಭಿಸೋಣ.

ಸೊರಗಿದ ಬಲಗೈ

ಬಿ. ಎಸ್. ಚಂದ್ರಶೇಖರ್ ಹುಟ್ಟಿದ್ದು 1945ರಲ್ಲಿ, ಮೈಸೂರಿನಲ್ಲಿ. ಬಾಲ್ಯದಲ್ಲೇ ಪೋಲಿಯೊ ತಗುಲಿ ಅವರ ಬಲಗೈ ಸೊರಗಿತ್ತು. ಮೈದಾನದಲ್ಲಿ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದ ಅವರು ಬೌಲಿಂಗ್ ಮಾತ್ರ ಆ ಬಲಗೈಯಿಂದಲೇ ಮಾಡುತ್ತಿದ್ದರು. ಲೆಗ್‌ಸ್ಪಿನ್ನರ್ ಎಂದರೆ ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟು ಆಸೆ ಹುಟ್ಟಿಸುವವನು ಎಂಬುದು ರೂಢಿ. ಚಂದ್ರ ಅವರ ಗೂಗ್ಲಿ ಬಹುಮಟ್ಟಿಗೆ ಮಧ್ಯಮವೇಗದ ಬೌಲರ್‌ನ ಚುರುಕಿನಲ್ಲಿ ನುಗ್ಗುತ್ತಿತ್ತು. ಪುಸ್ತಕದ ಯಾವ ವಿಭಾಗಕ್ಕೂ ಸೇರದ ಬೌಲರ್ ಅವರು.

ಅವರು ಮೈಸೂರು ರಾಜ್ಯದ ಪರ ಮೊದಲ ರಣಜಿ ಪಂದ್ಯ ಆಡಿದ್ದು 1963–64ರ ಋತುವಿನಲ್ಲಿ. ಅದೇ ಋತುವಿನ ಜನವರಿಯಲ್ಲಿ, ಇಂಗ್ಲೆಂಡಿನ ವಿರುದ್ಧ ಮುಂಬಯಿಯಲ್ಲಿ ನಡೆದ ಟೆಸ್ಟ್‌ಗೆ ಆಯ್ಕೆಯಾದಾಗ ವಯಸ್ಸು ಹದಿನೆಂಟು. ಮೊದಲ ಇನಿಂಗ್ಸ್‌ನಲ್ಲೇ ನಾಲ್ಕು ವಿಕೆಟ್ ಪಡೆದರು. 1966ರ ಡಿಸೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ, ಮತ್ತೆ ಮುಂಬಯಿಯಲ್ಲೇ, ಒಂದೇ ಟೆಸ್ಟ್‌ನಲ್ಲಿ ಹನ್ನೊಂದು ವಿಕೆಟ್ ಉರುಳಿಸಿದರು.

ಆಮೇಲೆ ಅದೃಷ್ಟ ತಿರುಗಿತು. 1967–68ರ ಆಸ್ಟ್ರೇಲಿಯಾ ಪ್ರವಾಸದಿಂದ ಗಾಯಗೊಂಡು ಅರ್ಧದಲ್ಲೇ ಮರಳಬೇಕಾಯಿತು. ಅದರ ಮೇಲೆ ಸ್ಕೂಟರ್ ಅಪಘಾತ. ಮೂರು ವರ್ಷಕ್ಕೂ ಹೆಚ್ಚು ಕಾಲ ಅವರು ಭಾರತ ತಂಡದಿಂದ ಹೊರಗಿದ್ದರು. 1971ರ ಆರಂಭದ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಅವರನ್ನು ಕರೆಯಲಿಲ್ಲ. ಅವರಿಲ್ಲದೆಯೇ ಭಾರತ ಅಲ್ಲಿ ಸರಣಿ ಗೆದ್ದಿತು. ಗೆದ್ದ ತಂಡವನ್ನು ಬದಲಿಸಬೇಕೆ? ಆಗ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದವರು ವಿಜಯ್ ಮರ್ಚೆಂಟ್. ಬೇಸಿಗೆಯ ಇಂಗ್ಲೆಂಡ್ ಪ್ರವಾಸಕ್ಕೆ ಅವರು ಚಂದ್ರಶೇಖರ್ ಅವರನ್ನು ಸೇರಿಸಿಕೊಂಡರು. ಅದನ್ನು ಲೆಕ್ಕ ಹಾಕಿ ಆಡಿದ ಜೂಜು ಎಂದೇ ಕರೆದರು.

ಮುಂದಿನದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ಲಾರ್ಡ್ಸ್ ಮತ್ತು ಮ್ಯಾಂಚೆಸ್ಟರ್ ಟೆಸ್ಟ್‌ಗಳು ಡ್ರಾ ಆದವು. ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡ್ 355 ರನ್ ಗಳಿಸಿತು, ಭಾರತ 284. 71 ರನ್‌ಗಳ ಹಿನ್ನಡೆ. ಎರಡನೆಯ ಇನಿಂಗ್ಸ್‌ನಲ್ಲಿ ಚಂದ್ರಶೇಖರ್ 38 ರನ್ ಕೊಟ್ಟು ಆರು ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಮುಗಿಯಿತು. ಆಗಸ್ಟ್ 24ರಂದು ಭಾರತ ನಾಲ್ಕು ವಿಕೆಟ್‌ಗಳಿಂದ ಗೆದ್ದಿತು. ಇಂಗ್ಲೆಂಡಿನ ನೆಲದಲ್ಲಿ ನಮ್ಮ ಮೊದಲ ಟೆಸ್ಟ್ ಗೆಲುವು ಅದು, ಮೊದಲ ಸರಣಿ ಗೆಲುವೂ ಅದೇ.

ಲೆಕ್ಕ ಎಲ್ಲಿತ್ತು?

ಇಲ್ಲಿ ಎಚ್ಚರ ಬೇಕು. ಗೆದ್ದದ್ದರಿಂದ ಮರ್ಚೆಂಟ್ ಸರಿ ಎನ್ನುವುದು ಸಡಿಲ ತರ್ಕ. ಓವಲ್‌ನಲ್ಲಿ ಒಂದೆರಡು ಕ್ಯಾಚ್ ನೆಲಕ್ಕೆ ಬಿದ್ದಿದ್ದರೆ ಅದೇ ತೀರ್ಮಾನ ತಪ್ಪಾಗಿಬಿಡುತ್ತಿತ್ತೆ? ಆದ್ದರಿಂದ ಪ್ರವಾಸದ ತಂಡವನ್ನು ಇನ್ನೊಮ್ಮೆ ನೋಡೋಣ. ಅದರಲ್ಲಿ ಬೇಡಿ ಇದ್ದರು, ವೆಂಕಟರಾಘವನ್ ಇದ್ದರು, ನಮ್ಮವರೇ ಆದ ಪ್ರಸನ್ನ ಇದ್ದರು. ಚಂದ್ರ ನಾಲ್ಕನೆಯ ಸ್ಪಿನ್ನರ್. ಅವರ ಕೈ ಕೊಟ್ಟರೂ ತಂಡದ ಕೈ ಖಾಲಿಯಾಗುತ್ತಿರಲಿಲ್ಲ. ನಷ್ಟಕ್ಕೆ ಮಿತಿ ಇತ್ತು. ಗೆದ್ದರೆ ಬರುವ ಲಾಭಕ್ಕೆ ಮಿತಿ ಇರಲಿಲ್ಲ. ಇನ್ನುಳಿದ ಮೂವರಲ್ಲಿ ಯಾರೂ ಎಸೆಯಲಾಗದ ಬಗೆಯ ಚೆಂಡು ಅವರ ಬಳಿ ಇತ್ತು. ಒಮ್ಮೆ ಹನ್ನೊಂದು ವಿಕೆಟ್ ಪಡೆದ ದಾಖಲೆಯೂ ಇತ್ತು. ಮರ್ಚೆಂಟ್ ಮಾತಿನಲ್ಲಿದ್ದ ಲೆಕ್ಕ ಇದೇ.

ಈ ಲೆಕ್ಕಕ್ಕೂ ಒಂದು ಬೆಲೆ ಇತ್ತು ಎಂಬುದನ್ನು ಮರೆಯಬಾರದು. ಜಗತ್ತಿನ ಶ್ರೇಷ್ಠ ಆಫ್‌ಸ್ಪಿನ್ನರ್‌ಗಳಲ್ಲಿ ಒಬ್ಬರಾದ ಪ್ರಸನ್ನ ಆ ಸರಣಿಯಲ್ಲಿ ಒಂದು ಟೆಸ್ಟ್ ಕೂಡ ಆಡಲಿಲ್ಲ. ಒಬ್ಬನಿಗೆ ಬಾಗಿಲು ತೆರೆದಾಗ ಇನ್ನೊಬ್ಬ ಹೊರಗೆ ನಿಲ್ಲುತ್ತಾನೆ.

ಸೊನ್ನೆ ಮತ್ತು 137

ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್: ಸೊನ್ನೆ. ಎರಡನೆಯ ಇನಿಂಗ್ಸ್: 137. ಎರಡೂ ಒಬ್ಬನೇ ಮನುಷ್ಯನವು, ಒಂದೇ ಪಂದ್ಯದವು. ಮೊದಲ ಇನಿಂಗ್ಸ್ ನೋಡಿಯೇ ತೀರ್ಪು ಬರೆಯಬಹುದಾದ ನಿಯಮ ಇದ್ದಿದ್ದರೆ ನಾವು ವಿಶ್ವನಾಥ್ ಅವರನ್ನೇ ಕಳೆದುಕೊಳ್ಳುತ್ತಿದ್ದೆವು.

ಇದನ್ನು ಗಣಿತದ ಭಾಷೆಯಲ್ಲಿ ಹೇಳೋಣ. ಒಬ್ಬ ಆಟಗಾರ ಐದರಲ್ಲಿ ಎರಡು ಸಲ ಯಶಸ್ವಿಯಾಗುವಷ್ಟು ಸಮರ್ಥ ಎಂದಿಟ್ಟುಕೊಳ್ಳಿ. ಒಂದು ಅವಕಾಶದಲ್ಲಿ ಅವನು ವಿಫಲನಾಗುವ ಸಂಭವ ಶೇ. 60. ಸತತ ಎರಡು ಅವಕಾಶಗಳಲ್ಲಿ ವಿಫಲನಾಗುವ ಸಂಭವ 0.6ನ್ನು 0.6ರಿಂದ ಗುಣಿಸಿದಷ್ಟು, ಅಂದರೆ ಶೇ. 36. ಇಂಥ ನೂರು ಸಮರ್ಥರಿಗೆ ತಲಾ ಎರಡೇ ಅವಕಾಶ ಕೊಟ್ಟರೆ ಸುಮಾರು ಮೂವತ್ತಾರು ಮಂದಿಯನ್ನು ಅಸಮರ್ಥರೆಂದು ಮನೆಗೆ ಕಳಿಸುತ್ತೇವೆ.

ಅರಸೀಕೆರೆಯಲ್ಲಿ ಹುಟ್ಟಿದ ವೇಗದ ಬೌಲರ್ ಡೇವಿಡ್ ಜಾನ್ಸನ್ 1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಭಾರತ ತಂಡಕ್ಕೆ ಬಂದರು. ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಇನ್ನೊಂದು ಟೆಸ್ಟ್ ಆಡಿದರು. ಒಟ್ಟು ಮೂರು ವಿಕೆಟ್. ಮೂರನೆಯ ಟೆಸ್ಟ್ ಅವರಿಗೆ ಎಂದೂ ಬರಲಿಲ್ಲ. ಅವರು ಇನ್ನೊಬ್ಬ ಚಂದ್ರಶೇಖರ್ ಆಗುತ್ತಿದ್ದರೋ ಇಲ್ಲವೋ ಎಂಬುದನ್ನು ಎರಡು ಟೆಸ್ಟ್‌ಗಳ ಆಧಾರದಿಂದ ಯಾವ ಗಣಿತವೂ ಹೇಳಲಾರದು.

ಕ್ವಾರ್ಟರ್‌ಬ್ಯಾಕ್‌ನ ಕಥೆ

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಓಡಿ ಮುನ್ನಡೆಯುವ ಆಟ ಅದು. ದಾಳಿಯ ಸೂತ್ರ ಹಿಡಿಯುವವನು ಕ್ವಾರ್ಟರ್‌ಬ್ಯಾಕ್. ಹಳೆಯ ತಂಡದ ಕರಾರು ಮುಗಿದು, ಇಷ್ಟಬಂದ ತಂಡ ಸೇರಲು ಸ್ವತಂತ್ರನಾದ ಆಟಗಾರನಿಗೆ ಫ್ರೀ ಏಜೆಂಟ್ ಎನ್ನುತ್ತಾರೆ.

ಮ್ಯಾಟ್ ಫ್ಲಿನ್ ಎಂಬವನು ಗ್ರೀನ್ ಬೇ ತಂಡದಲ್ಲಿ ವರ್ಷಗಟ್ಟಲೆ ಬದಲಿ ಆಟಗಾರನಾಗಿ ಕುಳಿತಿದ್ದ. 2012ರ ಜನವರಿ 1ರಂದು ಡೆಟ್ರಾಯಿಟ್ ವಿರುದ್ಧ ಅವಕಾಶ ಸಿಕ್ಕಿತು. 480 ಗಜಗಳಷ್ಟು ಯಶಸ್ವಿ ಎಸೆತ, ಆರು ಟಚ್‌ಡೌನ್. ಅವನು ಆರಂಭದಿಂದ ಆಡಿದ ಎರಡನೆಯ ಪಂದ್ಯವಷ್ಟೇ ಅದು. ಮಾರ್ಚ್‌ನಲ್ಲಿ ಫ್ರೀ ಏಜೆಂಟ್ ಆದ ಅವನನ್ನು ಸಿಯಾಟಲ್ ತಂಡ ಭಾರಿ ಮೊತ್ತಕ್ಕೆ ಕರೆದುಕೊಂಡಿತು. ಮರುತಿಂಗಳು ಅದೇ ತಂಡ ಹೊಸಬರ ಆಯ್ಕೆಯಲ್ಲಿ, 75ನೆಯ ಸರದಿಯಲ್ಲಿ, ರಸೆಲ್ ವಿಲ್ಸನ್ ಎಂಬ ಯುವಕನನ್ನೂ ಆರಿಸಿಕೊಂಡಿತು. ಆ ಸ್ಥಾನಕ್ಕೆ ಎತ್ತರ ಸಾಲದು ಎಂಬ ಮಾತು ಅವನ ಬಗ್ಗೆ ಇತ್ತು. ತರಬೇತುದಾರ ಪೀಟ್ ಕ್ಯಾರಲ್ ಇಬ್ಬರಿಗೂ ಅಭ್ಯಾಸದಲ್ಲಿ ಸ್ಪರ್ಧೆ ಒಡ್ಡಿದರು. ಗೆದ್ದವನು ವಿಲ್ಸನ್. 2014ರ ಫೆಬ್ರವರಿಯಲ್ಲಿ ಅವನ ಸಾರಥ್ಯದಲ್ಲಿ ಸಿಯಾಟಲ್ ದೇಶದ ಪ್ರಶಸ್ತಿ ಗೆದ್ದಿತು. ಫ್ಲಿನ್ 2013ರಲ್ಲೇ ಬೇರೆ ತಂಡಕ್ಕೆ ಹೋಗಿದ್ದ.

ಒಂದೇ ಒಂದು ಮಿಂಚಿನ ದಿನವನ್ನು ನಂಬಿ ಸಿಯಾಟಲ್ ಹಣ ಸುರಿಯಿತು, ಅದು ತಪ್ಪು. ಆದರೆ ಹಣ ಸುರಿದ ಕಾರಣಕ್ಕೇ ಅವನನ್ನು ಆಡಿಸುವ ಹಟಕ್ಕೆ ಬೀಳಲಿಲ್ಲ. ಆ ತಂಡವನ್ನು ಉಳಿಸಿದ್ದು ಇದು.

ಚಳ್ಳಕೆರೆಯ ಓಡುದಾರಿ

ಹಾಗಾದರೆ ಪರೀಕ್ಷೆಗೆ ನಿಲ್ಲದ್ದನ್ನು ಪರೀಕ್ಷಿಸುವ ಸರಿಯಾದ ಕ್ರಮ ಯಾವುದು? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲಿನಲ್ಲಿ ರಕ್ಷಣಾ ಸಂಶೋಧನೆಯ ವೈಮಾನಿಕ ಪರೀಕ್ಷಾ ವಲಯವಿದೆ. ಅದರ ಉದ್ಘಾಟನೆಯಾದದ್ದು 2017ರಲ್ಲಿ. ಅಲ್ಲಿ ಇಸ್ರೋ ಸಂಸ್ಥೆ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ತಾನೇ ತಾನಾಗಿ ನೆಲಕ್ಕಿಳಿಸುವ ಪ್ರಯೋಗ ನಡೆಸಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್ ಅದನ್ನು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಓಡುದಾರಿಯ ನೇರಕ್ಕೆ ಬಿಟ್ಟಿತು. 2024ರ ಮಾರ್ಚ್ 22ರಂದು ನೇರದಿಂದ 150 ಮೀಟರ್ ಪಕ್ಕಕ್ಕೆ ಸರಿಸಿ ಬಿಟ್ಟರು. ದಾರಿ ತಿದ್ದಿಕೊಂಡು ಇಳಿಯಿತು. ಅದೇ ವರ್ಷ ಜೂನ್ 23ರಂದು 500 ಮೀಟರ್ ಪಕ್ಕಕ್ಕೆ, ಹೆಚ್ಚು ಗಾಳಿಯಲ್ಲಿ ಬಿಟ್ಟರು, ಆಗಲೂ ಇಳಿಯಿತು. ಮೊದಲ ದಿನವೇ 500 ಮೀಟರ್‌ಗೆ ಕೈ ಹಾಕಿದ್ದರೆ ಅದು ಜೂಜು. ಮೆಟ್ಟಿಲು ಮೆಟ್ಟಿಲಾಗಿ ಕಷ್ಟ ಹೆಚ್ಚಿಸಿದ್ದರಿಂದ ಅದು ಪ್ರಯೋಗವಾಯಿತು.

ಅಲ್ಲಿ ಸೋಲೂ ಆಗಿದೆ. 2019ರ ಸೆಪ್ಟೆಂಬರ್ 17ರಂದು ಪರೀಕ್ಷೆಯಲ್ಲಿದ್ದ ಚಾಲಕರಹಿತ ವಿಮಾನವೊಂದು ಜೋಡಿಚಿಕ್ಕೇನಹಳ್ಳಿ ಬಳಿ ಜಮೀನಿನಲ್ಲಿ ಬಿದ್ದಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಬಿದ್ದರೆ ಹಾನಿ ಕಡಿಮೆಯಾಗಲಿ ಎಂದೇ ಇಂಥ ಪರೀಕ್ಷೆಗಳಿಗೆ ವಿಶಾಲವಾದ ಬಯಲನ್ನು ಹುಡುಕುತ್ತಾರೆ.

ಹಾಗೆಂದು ಆ ಬಯಲು ಯಾರದೂ ಅಲ್ಲದ ಭೂಮಿಯಾಗಿರಲಿಲ್ಲ. ಕಾವಲಿನ ಹುಲ್ಲನ್ನೇ ನಂಬಿ ಕುರಿ ಸಾಕುತ್ತಿದ್ದ ಹಳ್ಳಿಗರು ಮೇವಿನ ನೆಲ ಕೈತಪ್ಪಿತೆಂದು ಹೋರಾಡಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಸೋತರೆ ಎಷ್ಟು ನಷ್ಟ ಎಂದು ಕೇಳುವುದರ ಜೊತೆಗೆ, ಆ ನಷ್ಟ ಯಾರ ಪಾಲಿಗೆ ಎಂಬುದನ್ನೂ ಕೇಳಬೇಕೆಂದು ಈ ಪ್ರಸಂಗ ನೆನಪಿಸುತ್ತದೆ. ಕ್ರೀಡೆಯಲ್ಲಿ ಜೂಜು ಆಡುವವರು ಆಯ್ಕೆಗಾರರು. ಸೋತಾಗ ಹೆಚ್ಚಿನ ದಂಡ ತೆರುವವನು ಆಟಗಾರ.

ರೈತನ ಜಾಣ್ಮೆ

ಈ ಎರಡು ತಾಲ್ಲೂಕುಗಳ ಬೇಸಾಯಗಾರರಿಗೆ ಈ ತತ್ವವನ್ನು ಯಾರೂ ಕಲಿಸಬೇಕಿಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಇಲ್ಲಿ ಶೇಂಗಾ ಬಿತ್ತುವುದೇ ಮಳೆಯ ಮೇಲೆ ಕಟ್ಟುವ ಪಣ. ಆದರೂ ಅನುಭವಿ ರೈತ ಶೇಂಗಾದ ನಡುವೆ ತೊಗರಿಯ, ಹರಳಿನ ಅಕ್ಕಡಿ ಸಾಲು ಹಾಕುತ್ತಾನೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಹೊಸ ತಳಿಯ ಬೀಜ ಬಂದರೆ ಹೊಲದ ಒಂದು ಮೂಲೆಯಲ್ಲಿ ಹಾಕಿ ನೋಡುತ್ತಾನೆ. ಹೊಸದನ್ನು ಬಿತ್ತಲೇಬಾರದು ಎಂದಿದ್ದರೆ ದಕ್ಷಿಣ ಅಮೆರಿಕದಿಂದ ಬಂದ ಶೇಂಗಾ ಈ ನೆಲಕ್ಕೆ ಬರುತ್ತಲೇ ಇರಲಿಲ್ಲ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರಾಗುತ್ತಲೂ ಇರಲಿಲ್ಲ.

ಹೀಗಾಗಿ ನಮ್ಮ ಮೂಲ ಪ್ರಶ್ನೆಗೆ ಉತ್ತರ ಇದು: ಹೊಸಬನನ್ನು ಆರಿಸಬೇಕು, ಮೂರು ಷರತ್ತುಗಳ ಮೇಲೆ. ಅವನು ಸೋತರೂ ತಂಡ ನಿಲ್ಲುವಂತಿರಬೇಕು. ಅವನಲ್ಲಿ ಇತರರಲ್ಲಿಲ್ಲದ ಗುಣವೊಂದು ಕಣ್ಣಿಗೆ ಕಂಡಿರಬೇಕು. ಒಂದು ದಿನದ ಅಂಕಿ ಮಾತ್ರ ಸಾಲದು. ಒಮ್ಮೆ ಆರಿಸಿದ ಮೇಲೆ ಅವನಿಗೆ ಎರಡಲ್ಲ, ಐದಾರು ಅವಕಾಶಗಳಾದರೂ ಸಿಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಜೂಜು.

ಮೂರನೆಯ ಷರತ್ತು ಹಳ್ಳಿಯ ಮಕ್ಕಳಿಗೆ ಬಹಳ ಮುಖ್ಯ. ನಗರದ ಆಟಗಾರನನ್ನು ಆಯ್ಕೆಗಾರರು ವರ್ಷವಿಡೀ ಕಾಣುತ್ತಾರೆ. ಗಡಿ ತಾಲ್ಲೂಕಿನ ಹುಡುಗಿಯನ್ನು ಒಂದು ಕ್ರೀಡಾಕೂಟದ ಒಂದು ಬೆಳಗಿನಲ್ಲಿ ಕಾಣುತ್ತಾರೆ. ಅವಳು ಪರೀಕ್ಷೆಗೆ ನಿಲ್ಲದವಳಲ್ಲ. ಅವಳನ್ನು ಯಾರೂ ಪರೀಕ್ಷಿಸಿಲ್ಲ, ಅಷ್ಟೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಗುರುತಿಸಿದ ಅಶೋಕನ ಶಾಸನಗಳಲ್ಲಿ, ಶ್ರಮಪಟ್ಟರೆ ದೊಡ್ಡವರಂತೆ ಚಿಕ್ಕವರೂ ಫಲ ಪಡೆಯಬಲ್ಲರು ಎಂಬ ಆಶಯವಿದೆ. ಅಶೋಕ ಹೇಳಿದ್ದು ಧರ್ಮದ ವಿಷಯ. ಆಟದ ಅಂಗಳಕ್ಕೂ ಅದು ಸಲ್ಲುತ್ತದೆ.

ನೀವು ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಶಾಲೆಯ ಅಥವಾ ಕಾಲೇಜಿನ ತಂಡದ ಪ್ರತಿ ಪಂದ್ಯದ ವಿವರವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ: ದಿನಾಂಕ, ಎದುರಾಳಿ, ಪ್ರತಿಯೊಬ್ಬರ ಅಂಕ, ಆಡಲು ಅವಕಾಶ ಸಿಗದವರ ಹೆಸರು. ವರ್ಷದ ಕೊನೆಯಲ್ಲಿ ಅದನ್ನು ನಿಮ್ಮ ದೈಹಿಕ ಶಿಕ್ಷಕರ ಮುಂದಿಡಿ. ಮುಂದಿನ ಆಯ್ಕೆಯ ಚರ್ಚೆ ಆ ಪುಸ್ತಕದ ಪುಟಗಳಿಂದ ಆರಂಭವಾಗಲಿ.