ಪಿತ್ತಗಂಧೆಯೆಂಬ ಹೆಸರು ಮತ್ತು ಮಾಸ್ಟ್ ಕೋಶದ ಚರಿತ್ರೆ

ಎಳೆಯ ಮಕ್ಕಳ ಮೈಮೇಲೆ ಕಂದು ಬಣ್ಣದ ಕಲೆಗಳು ಮೂಡಿ, ಉಜ್ಜಿದೊಡನೆ ಗಂಧೆಯಂತೆ ಉಬ್ಬಿ ಕೆಂಪಾಗುವ ಒಂದು ವಿರಳ ಚರ್ಮರೋಗವಿದೆ. ಅದಕ್ಕೆ ಇಂದಿನ ಹೆಸರು ಮಾಸ್ಟೊಸೈಟೋಸಿಸ್. ಇಂಥ ಮಗುವಿರುವ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ಮಗುವಿಗೆ ಏನು ತಿನ್ನಿಸಿದಿರಿ ಎಂಬುದು. ಊರಿನಿಂದ ಫೋನಿನಲ್ಲಿ ಅಜ್ಜಿ ಕೇಳುವುದೂ ಅದನ್ನೇ. ಬದನೆಕಾಯಿ, ಕಡಲೆಕಾಯಿ, ಮೊಟ್ಟೆ, ಎಲ್ಲವೂ ನಂಜೆಂದು ಒಂದೊಂದಾಗಿ ತಟ್ಟೆಯಿಂದ ಮರೆಯಾಗುತ್ತವೆ. ಈ ಪಥ್ಯಕ್ಕೆ ಆಧಾರವಿದೆಯೇ ಎಂದು ತಿಳಿಯಬೇಕಾದರೆ ರೋಗಕ್ಕೆ ಹೆಸರು ಬಂದ ಬಗೆಯನ್ನು ನೋಡಬೇಕು. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಗೈದರ್ಸ್‌ಬರ್ಗಿನಿಂದ 270ನೆಯ ಹೆದ್ದಾರಿಯಲ್ಲಿ ಕೆಲವೇ ಮೈಲಿ ದೂರದ ಬೆಥೆಸ್ಡಾದಲ್ಲಿ.

1869ರಲ್ಲಿ ಲಂಡನ್ನಿನ ಎಡ್ವರ್ಡ್ ನೆಟಲ್‌ಶಿಪ್ ಎಂಬ ವೈದ್ಯರು ಸುಮಾರು ಎರಡು ವರ್ಷದ ಒಂದು ಹೆಣ್ಣುಮಗುವಿನ ಮೈಮೇಲಿನ ವಿಚಿತ್ರ ಗಂಧೆಗಳನ್ನು ವರ್ಣಿಸಿದರು. ಸಾಮಾನ್ಯ ಪಿತ್ತಗಂಧೆ ಕೆಲವು ಗಂಟೆಗಳಲ್ಲಿ ಗುರುತಿಲ್ಲದೆ ಇಳಿಯುತ್ತದೆ. ಈ ಮಗುವಿನಲ್ಲಿ ಅದು ಕಂದು ಕಲೆಗಳನ್ನು ಉಳಿಸಿಹೋಗುತ್ತಿತ್ತು. 1878ರಲ್ಲಿ ಆಲ್ಫ್ರೆಡ್ ಸ್ಯಾಂಗ್‌ಸ್ಟರ್ ಇದಕ್ಕೆ ಅರ್ಟಿಕೇರಿಯಾ ಪಿಗ್ಮೆಂಟೋಸಾ, ಅಂದರೆ ಬಣ್ಣಗಟ್ಟಿದ ಪಿತ್ತಗಂಧೆ ಎಂದು ಹೆಸರಿಟ್ಟರು. ಕಣ್ಣಿಗೆ ಕಂಡದ್ದನ್ನು ಹಿಡಿದು ಇಟ್ಟ ಹೆಸರು ಅದು. ಒಳಗೇನಿದೆ ಎಂಬುದು ಅಂದು ಯಾರಿಗೂ ತಿಳಿದಿರಲಿಲ್ಲ.

ಅದೇ 1878ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪಾಲ್ ಎರ್ಲಿಕ್ ಎಂಬ 24ರ ತರುಣ, ಬಟ್ಟೆಗೆ ಹಾಕುವ ಅನಿಲೀನ್ ಬಣ್ಣಗಳನ್ನು ಅಂಗಾಂಶಗಳಿಗೆ ಹಾಕಿ ನೋಡಿ, ಒಡಲ ತುಂಬ ಕಣಗಳಿರುವ ಒಂದು ಬಗೆಯ ಕೋಶವನ್ನು ತನ್ನ ಪ್ರೌಢಪ್ರಬಂಧದಲ್ಲಿ ವಿವರಿಸಿದ. ಅವು ಚೆನ್ನಾಗಿ ಉಂಡು ಕೊಬ್ಬಿದ ಕೋಶಗಳೆಂದು ಭಾವಿಸಿ, ಮೇಯಿಸಿ ಕೊಬ್ಬಿಸುವುದನ್ನು ಸೂಚಿಸುವ ಜರ್ಮನ್ ಪದದಿಂದ ಮಾಸ್ಟ್ ಕೋಶ ಎಂದು ಕರೆದ. ಊಹೆ ತಪ್ಪಾದರೂ ಹೆಸರು ಉಳಿಯಿತು. ಒಂಬತ್ತು ವರ್ಷಗಳ ಬಳಿಕ, 1887ರಲ್ಲಿ, ಹ್ಯಾಂಬರ್ಗಿನ ಪಾಲ್ ಉನ್ನಾ ಆ ಕಂದು ಕಲೆಗಳ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಅಲ್ಲಿ ಮಾಸ್ಟ್ ಕೋಶಗಳೇ ಕಿಕ್ಕಿರಿದಿದ್ದವು.

ಆ ಕಣಗಳಲ್ಲಿ ತುಂಬಿರುವುದು ಹಿಸ್ಟಮಿನ್ ಎಂಬುದನ್ನು 1953ರಲ್ಲಿ ರೈಲಿ ಮತ್ತು ವೆಸ್ಟ್ ತೋರಿಸಿಕೊಟ್ಟರು. ತುರಿಕೆಗೂ ಊತಕ್ಕೂ ಕಾರಣವಾಗುವ ರಾಸಾಯನಿಕ ಅದು. ಮುಂದೆ 1966ರಲ್ಲಿ ಡೆನ್ವರಿನಲ್ಲಿ ಇಶಿಜಾಕಾ ದಂಪತಿಗಳು ಅಲರ್ಜಿಯ ಮೂಲಕಾರಕವಾದ ಪ್ರತಿಕಾಯವನ್ನು ಕಂಡುಹಿಡಿದರು. ಸ್ವೀಡನ್ನಿನ ಉಪ್ಸಾಲಾದಲ್ಲಿಯೂ ಸಂಶೋಧಕರು ಬೇರೆ ದಾರಿಯಿಂದ ಅದನ್ನೇ ಮುಟ್ಟಿದರು. ಅದೇ ಐಜಿಇ. ಕಡಲೆಕಾಯಿಯ ಅಲರ್ಜಿಯುಳ್ಳ ಮಗುವಿನಲ್ಲಿ ಐಜಿಇ ಮಾಸ್ಟ್ ಕೋಶದ ಮೇಲೆ ಕಾದು ಕುಳಿತಿರುತ್ತದೆ. ಕಡಲೆಕಾಯಿಯ ಪ್ರೋಟೀನು ಬಂದು ತಗುಲಿದಾಗ ಕೋಶ ತನ್ನ ಕಣಗಳನ್ನು ಹೊರಚೆಲ್ಲುತ್ತದೆ. ಅಲರ್ಜಿಯೂ ಈ ಚರ್ಮರೋಗವೂ ಒಂದೇ ಎಂದು ಜನ ನಂಬಲು ಇಷ್ಟು ಸಾಕಾಯಿತು. ಎರಡರಲ್ಲೂ ಕೋಶ ಅದೇ, ಹಿಸ್ಟಮಿನ್ನೂ ಅದೇ.

ಈ ಗಂಟನ್ನು ಬಿಡಿಸಲು ನೆರವಾದದ್ದು ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆ. 1995ರಲ್ಲಿ ಅಲ್ಲಿಯ ಹಿರೋಶಿ ನಗಾತಾ, ಡೀನ್ ಮೆಟ್‌ಕಾಫ್ ಮೊದಲಾದವರು ಮಾಸ್ಟೊಸೈಟೋಸಿಸ್‌ನೊಡನೆ ರಕ್ತದ ಕಾಯಿಲೆಯೂ ಇದ್ದ ರೋಗಿಗಳಲ್ಲಿ ಕಿಟ್ ಎಂಬ ಜೀನಿನ 816ನೆಯ ಸ್ಥಾನದ ಒಂದು ಬದಲಾವಣೆಯನ್ನು ಗುರುತಿಸಿದರು. ಬೆಳೆಯೆಂಬ ಆಜ್ಞೆಯನ್ನು ಮಾಸ್ಟ್ ಕೋಶಕ್ಕೆ ತಲುಪಿಸುವುದು ಕಿಟ್‌ನ ಕೆಲಸ. ಜೀನು ಬದಲಾದಾಗ ಆ ಆಜ್ಞೆ ನಿಲ್ಲುವುದೇ ಇಲ್ಲ. 2010ರಲ್ಲಿ ಫ್ರಾನ್ಸಿನ ಬೊಡೆಮೆರ್ ಮತ್ತು ಸಂಗಡಿಗರು 50 ಮಕ್ಕಳನ್ನು ಪರೀಕ್ಷಿಸಿ, ಬಹುತೇಕರಲ್ಲಿ ಇದೇ ಜೀನಿನ ಒಂದಲ್ಲ ಒಂದು ಬದಲಾವಣೆಯಿರುವುದನ್ನು ಕಂಡರು. ಹೆಚ್ಚಿನ ಮಕ್ಕಳಲ್ಲಿ ಇದು ತಂದೆತಾಯಿಗಳಿಂದ ಬಂದುದಲ್ಲ. ಗರ್ಭಿಣಿ ಗ್ರಹಣ ನೋಡಿದ್ದರಿಂದ ಬಂದ ಕಲೆಯೂ ಅಲ್ಲ. ಈ ಮಾತನ್ನು ಇಲ್ಲಿಯೂ ಹೇಳಬೇಕಾಗಿ ಬರುತ್ತದೆ.

ಹೀಗೆ ಕೋಶ ಒಂದೇ ಆದರೂ ಕಾರಣಗಳು ಎರಡು. ಈ ರೋಗವುಳ್ಳ ಮಕ್ಕಳಲ್ಲಿ ಆಸ್ತಮಾ, ಎಕ್ಸಿಮಾ, ಆಹಾರದ ಅಲರ್ಜಿಗಳು ಉಳಿದ ಮಕ್ಕಳಲ್ಲಿರುವಷ್ಟೇ ಎಂಬುದು ಹೆಚ್ಚಿನ ಅಧ್ಯಯನಗಳ ಅಭಿಪ್ರಾಯ. ಆದುದರಿಂದ ಕಲೆಗಳನ್ನು ಕಂಡ ಮಾತ್ರಕ್ಕೆ ಹಾಲು, ಮೊಟ್ಟೆ, ಕಡಲೆಕಾಯಿಗಳನ್ನು ನಿಲ್ಲಿಸುವುದು ಸರಿಯಲ್ಲ. ಅದರಿಂದ ಹಾನಿಯೂ ಆಗಬಹುದು. ಅಲರ್ಜಿಯ ಅಪಾಯ ಹೆಚ್ಚಿರುವ 640 ಶಿಶುಗಳ ಮೇಲೆ ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಲೆಕಾಯಿಯನ್ನು ಬೇಗನೆ ತಿನ್ನಿಸಿದವರಲ್ಲಿಯೇ ಅದರ ಅಲರ್ಜಿ ಬಹಳ ಕಡಿಮೆಯಾಗಿತ್ತು. ಆ ಅಧ್ಯಯನಕ್ಕೆ ಹಣ ಒದಗಿಸಿದ್ದರಲ್ಲಿಯೂ ಬೆಥೆಸ್ಡಾದ ಸಂಸ್ಥೆಯ ಪಾಲಿದೆ.

ಇನ್ನೊಂದು ಬದಿಯ ಅಪಾಯವನ್ನೂ ಮರೆಯುವಂತಿಲ್ಲ. 2008ರಲ್ಲಿ ಜರ್ಮನಿಯಲ್ಲಿ 120 ರೋಗಿಗಳನ್ನು ವಿಚಾರಿಸಿದಾಗ ವಯಸ್ಕರಲ್ಲಿ ಶೇ. 49, ಮಕ್ಕಳಲ್ಲಿ ಶೇ. 9 ಮಂದಿಗೆ ಅನಾಫಿಲ್ಯಾಕ್ಸಿಸ್ ಆಗಿತ್ತು. ಮಕ್ಕಳಲ್ಲಿ ಈ ಭಯ ಹೆಚ್ಚಾಗಿ ಮೈತುಂಬ ಕಲೆಗಳಿದ್ದು, ರಕ್ತದಲ್ಲಿ ಟ್ರಿಪ್ಟೇಸ್ ಏರಿದವರಿಗೆ. ಊಟವಾದ ಕೆಲವೇ ನಿಮಿಷಗಳಲ್ಲಿ ವಾಂತಿ, ಉಸಿರಾಟದ ತೊಂದರೆ, ಮಂಕು ಕವಿಯುವುದು ಕಂಡರೆ, ಅದು ಕಲೆಗಳ ಸ್ವಭಾವವೆಂದು ಸುಮ್ಮನಿರದೆ 911ಕ್ಕೆ ಕರೆಮಾಡಬೇಕು. ಬಳಿಕ ಅಲರ್ಜಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಿಕೊಳ್ಳಬೇಕು.

ಈ ಮಕ್ಕಳ ಮಾಸ್ಟ್ ಕೋಶಗಳನ್ನು ಕೆರಳಿಸುವುದು ಬಹಳಮಟ್ಟಿಗೆ ತಿಕ್ಕಾಟ ಮತ್ತು ಶಾಖ. ಬಾಣಂತನಕ್ಕೆಂದು ಊರಿನಿಂದ ಬಂದ ಅಜ್ಜಿ ಅಕ್ಕರೆಯಿಂದ ಎಣ್ಣೆ ಹಚ್ಚಿ, ತಿಕ್ಕಿ ತೀಡಿ, ಹಬೆಯಾಡುವ ನೀರೆರೆದು, ಬೆಚ್ಚಗೆ ಸುತ್ತಿ ಮಲಗಿಸುವ ಕ್ರಮದಲ್ಲಿ ಇವೆರಡೂ ಇವೆ. ಎಣ್ಣೆಸ್ನಾನವನ್ನು ಬಿಡಬೇಕಾಗಿಲ್ಲ; ಎಣ್ಣೆಯನ್ನು ಮೆಲ್ಲಗೆ ಸವರಿ, ಉಗುರುಬೆಚ್ಚಗಿನ ನೀರು ಹಾಕಿ, ಟವೆಲಿನಿಂದ ಒರೆಸದೆ ಒತ್ತಿ ತೆಗೆದರೆ ಸಾಕು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವ ಮುನ್ನ ರೋಗದ ಹೆಸರನ್ನು ವೈದ್ಯರಿಗೆ ತಿಳಿಸಬೇಕು. ಕೆಲವು ನೋವುನಿವಾರಕಗಳೂ ಈ ಕೋಶಗಳನ್ನು ಕೆರಳಿಸುತ್ತವೆ. ಹೆಚ್ಚಿನ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಕಲೆಗಳು ತಾವಾಗಿಯೇ ಮಾಸುತ್ತವೆ ಅಥವಾ ತೀರ ಕಡಿಮೆಯಾಗುತ್ತವೆ. ಅಲ್ಲಿಯವರೆಗೆ ತುರಿಕೆಗೆ ಹಿಸ್ಟಮಿನ್ ತಡೆಯುವ ಔಷಧಿಯಿದೆ. ಅಪಾಯವಿರುವವರ ಶಾಲೆಯ ಚೀಲದಲ್ಲಿ ವೈದ್ಯರು ಬರೆದುಕೊಟ್ಟ ಎಪಿನೆಫ್ರಿನ್ ಇರಬೇಕು.